ಎರಡು ಸೀಟು
ನಮ್ಮ ಆಫೀಸಿನ ಹಿರಿಯ ಗುಮಾಸ್ತರನ್ನು ಎಲ್ಲರೂ ಕರೆಯುವುದು ಪಾಯಿಂಟಪ್ಪ ಎಂದೇ. ಕ್ಯಾಂಟೀನಿನಲ್ಲಿ ಹತ್ತು ಜನ ಉಂಡರೆ ಬಿಲ್ಲಿನ ಮುಂದೆ ಮೊದಲು ಚಾಚುವುದು ಅವರ ಕ್ರೆಡಿಟ್ ಕಾರ್ಡು. "ದುಡ್ಡು ನನ್ ಕೈಗೆ ಕೊಡ್ರಪ್ಪ, ಪಾಯಿಂಟ್ ನನಗಿರ್ಲಿ" ಎನ್ನುತ್ತಾರೆ; ಕಾರ್ಡು ಉಜ್ಜಿದಷ್ಟೂ ಬ್ಯಾಂಕಿನವರು ಪಾಯಿಂಟು ಕೊಡುತ್ತಾರಲ್ಲ. ಯಾರೋ ಫ್ರಿಜ್ ಕೊಳ್ಳುತ್ತಾರೆ ಎಂದು ಗಾಳಿಸುದ್ದಿ ಬಂದರೂ ಸಾಕು, ಕೊಳ್ಳುವವರಿಗಿಂತ ಮೊದಲೇ ಇವರು ಕಾರ್ಡು ಹಿಡಿದು ಅಂಗಡಿಯ ಬಾಗಿಲಲ್ಲಿ ಹಾಜರು. ಸ್ವಂತದ ಚಪ್ಪಲಿಗೆ ಮಾತ್ರ ಮೂರು ಸಲ ಹೊಲಿಗೆ ಬಿದ್ದಿದೆ. ಇಷ್ಟೆಲ್ಲ ಪಾಡು, ಪಾಯಿಂಟು ಕೊಟ್ಟು ಪಡೆಯಬಹುದಾದ ವಿಮಾನದ ಬಿಸಿನೆಸ್ ಕ್ಲಾಸ್ ಸೀಟಿಗಾಗಿ. ಹೆಂಡತಿಗೆ ಬೆನ್ನುನೋವು, ದೂರದೇಶದಲ್ಲಿರುವ ತನ್ನ ಅಕ್ಕನನ್ನು ಆಕೆ ನೋಡಬೇಕೆಂದರೆ ಮಂಚದಂತೆ ಚಾಚುವ ಆ ಸೀಟೇ ಬೇಕು. ಪಾಯಿಂಟು ಎಂದೋ ಇಬ್ಬರಿಗೂ ಸಾಕಾಗುವಷ್ಟು ಕೂಡಿತ್ತು, ಆದರೆ ಒಂದು ವಿಮಾನದಲ್ಲಿ ಪಾಯಿಂಟಿಗೆ ಸಿಗುತ್ತಿದ್ದ ಸೀಟು ಯಾವಾಗಲೂ ಒಂದೇ. "ನಾನೊಬ್ಳೇ ಹೋಗ್ಬರ್ತೀನಿ ರೀ" ಎಂದು ಆಕೆ ಎಷ್ಟೋ ಸಲ ಹೇಳಿದ್ದರಂತೆ. "ತಡಿಯೇ, ಎರಡು ಸಿಗ್ಲಿ, ಜೊತೇಲೇ ಹೋಗೋಣ" ಎಂದು ಇವರೇ ತಡೆದರು. ಆಕೆ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಆ ಅಕ್ಕ ಫೋನಿನಲ್ಲಿ "ನೀವಾದ್ರೂ ಬಂದ್ಹೋಗಿ" ಎಂದು ಅಳುತ್ತಿದ್ದುದು ಪಕ್ಕದ ಮೇಜಿನ ನನಗೂ ಕೇಳಿಸಿತು. ಪಾಯಿಂಟಪ್ಪ ಕಂಪ್ಯೂಟರಿನಲ್ಲಿ ಟಿಕೆಟ್ಟಿನ ಪುಟ ತೆರೆದು, ಪ್ರಯಾಣಿಕರು ಎಂಬಲ್ಲಿ ಎಂದಿನಂತೆ ಎರಡು ಎಂದು ಒತ್ತಿ, ತೆರೆಯನ್ನೇ ನೋಡುತ್ತ ಹೇಳಿದರು: "ಎರಡು ಸೀಟು ಇನ್ನೂ ಸಿಕ್ಕಿಲ್ಲ ಅತ್ತಿಗೆ, ಸಿಕ್ಕಿದ ತಕ್ಷಣ ಬರ್ತೀವಿ."