ತಮ್ಮ ಕಿತ್ತ ಮೆಣಸಿನಕಾಯಿ

ನಾನು ಚಿಕ್ಕವಳಿದ್ದಾಗ ದೊಡ್ಡ ಕಳ್ಳಿಯಾಗಿದ್ದೆ ಮಕ್ಕಳೇ. ಈಗ ನಗುತ್ತೀರಿ, ಪೂರ್ತಿ ಕೇಳಿದ ಮೇಲೆ ನಗುವುದಿಲ್ಲ. ಬೇಗ ಮದುವೆಯಾಗಿ ಬೇಗ ಅಜ್ಜಿಯಾದವಳು ನಾನು. ಹಾಗಾಗಿ ಇದು ರಾಜರ ಕಾಲದ ಮಾತಲ್ಲ, ತೊಂಬತ್ತರ ದಶಕದ ಶುರುವಿನದು. ಶಿಕಾರಿಪುರದಿಂದ ಉಡುತಡಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ, ಹೊಲ. ನನಗೆ ಹತ್ತು ವರ್ಷ, ತಮ್ಮನಿಗೆ ಏಳು.

ಹೊಲದ ಬದುವಿನಲ್ಲಿ ಒಂದು ಬಾರೆಹಣ್ಣಿನ ಗಿಡವಿತ್ತು. ಆರಿಸುವವರು ಇಬ್ಬರೂ, ಹಂಚುವವಳು ನಾನು. ಒಂದು ದಿನ ಹಸಿರು ಕಾಯಿಗಳನ್ನು ಅವನ ಪಾಲಿಗೆ ಹಾಕಿ ಕೆಂಪು ಹಣ್ಣನ್ನೆಲ್ಲ ನಾನಿಟ್ಟುಕೊಂಡೆ. ಅವನು ಜಗಳವನ್ನೇ ತೆಗೆಯಲಿಲ್ಲ. ಒಗರಿಗೆ ಮುಖ ಸಿಂಡರಿಸುತ್ತ ಅಷ್ಟನ್ನೂ ತಿಂದ. ಇವನಿಗೆ ಕೆಂಪೂ ಹಸಿರೂ ಒಂದೇ ತರ ಕಾಣುತ್ತವೆ ಎಂದು ಅವತ್ತೇ ನನಗೆ ತಿಳಿಯಿತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನನ್ನ ಕಳ್ಳತನ ಹೊರಬೀಳುತ್ತಿತ್ತಲ್ಲ.

ಆ ಚಳಿಗಾಲದಲ್ಲಿ ಅಪ್ಪ ಒಂದು ಸಾಲು ಮೆಣಸಿನ ಗಿಡವನ್ನು ಬೀಜಕ್ಕೆಂದೇ ಬಿಟ್ಟಿದ್ದರು. ಗಿಡದಲ್ಲೇ ಹಣ್ಣಾದದ್ದನ್ನು ಒಣಗಿಸಿ, ಬೀಜಕ್ಕೆ ಬೂದಿ ಬೆರೆಸಿ, ಮುಂದಿನ ವರ್ಷಕ್ಕೆ ಎತ್ತಿಡುವುದು ನಮ್ಮ ಮನೆಯ ರೂಢಿ. ಹಸಿಗಾಯಿ ಕಿತ್ತರೆ ಬೀಜ ಮೊಳೆಯುವುದಿಲ್ಲ. ಒಂದು ಬೆಳಿಗ್ಗೆ ಅಪ್ಪ ತಮ್ಮನ ಕೈಗೆ ಬುಟ್ಟಿ ಕೊಟ್ಟು, ಕೆಂಪಾದದ್ದನ್ನಷ್ಟೇ ಕಿತ್ತು ತಾ ಎಂದರು. ದೊಡ್ಡವರ ಕೆಲಸ ಸಿಕ್ಕಿತೆಂದು ಅವನು ಕುಣಿಯುತ್ತ ಹೋದ. ತಂದ ಬುಟ್ಟಿಯಲ್ಲಿ ಮುಕ್ಕಾಲು ಹಸಿರೇ ಇತ್ತು. ಸಾಲೆಲ್ಲ ಬೋಳಾಗಿತ್ತು.

"ಎಲ್ಲಾ ಒಂದೇ ತರ ಅದಾವಲ್ಲಪ್ಪಾ" ಎಂದ ತಮ್ಮ.

ಎದುರುತ್ತರ ಕೊಡುತ್ತಾನೆ ಎಂದುಕೊಂಡರು ಅಪ್ಪ. ಅಂಗಳದ ಬಿಸಿಲಲ್ಲಿ ಕೂರಿಸಿ, ಕೆಂಪು ಬೇರೆ, ಹಸಿರು ಬೇರೆ ಮಾಡು, ಅಲ್ಲಿಯವರೆಗೆ ಊಟವಿಲ್ಲ ಎಂದರು. ಒಳಗಿನಿಂದ ರೊಟ್ಟಿಯ ವಾಸನೆ ಬರುತ್ತಿತ್ತು. ಅಮ್ಮ ಎರಡು ಸಲ ಹೊಸ್ತಿಲವರೆಗೆ ಬಂದು ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ತಮ್ಮ ಒಂದೊಂದೇ ಕಾಯಿ ಎತ್ತಿ ಮೂಸಿದ, ಬೆರಳಲ್ಲಿ ಒತ್ತಿದ, ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡು ಒದ್ದಾಡಿದ. ಹಣ್ಣಾದದ್ದು ಮೆತ್ತಗೆ, ಆಗದ್ದು ಗಟ್ಟಿ ಎಂದು ಕೊನೆಗೆ ಅವನ ಬೆರಳಿಗೆ ಗೊತ್ತಾಯಿತು. ಮಧ್ಯಾಹ್ನದ ಹೊತ್ತಿಗೆ ಎರಡು ಗುಡ್ಡೆಯಾದವು, ಹೆಚ್ಚುಕಡಿಮೆ ಸರಿಯಾಗಿಯೇ. ಸದ್ಯ ಪಾರಾದೆವು ಎಂದುಕೊಂಡೆ.

ಅಪ್ಪ ಗುಡ್ಡೆಗಳನ್ನು ನೋಡಿದರು.

"ಅಂದ್ರೆ ನಿಂಗೆ ಗೊತ್ತಾಗ್ತತಿ. ಗೊತ್ತಿದ್ದೂ ಸುಳ್ಳು ಹೇಳಿದಿ."

ಹಾಗೆಂದವರೇ ಕೆನ್ನೆಗೆ ಬಾರಿಸಿದರು. ತಮ್ಮ ಉರಿಯುವ ಕಣ್ಣಲ್ಲಿ ನನ್ನ ಕಡೆ ತಿರುಗಿದ.

"ಅಕ್ಕಾ, ನೀನರ ಹೇಳು. ಒಂದೇ ತರ ಅದಾವಲ್ಲ?"

ನಾನು ಪುಸ್ತಕದ ಹಾಳೆ ಮಗುಚಿದೆ.

ಎಷ್ಟೋ ವರ್ಷದ ಮೇಲೆ ತಮ್ಮ ಡ್ರೈವರ್ ಕೆಲಸಕ್ಕೆಂದು ಕಣ್ಣಿನ ಪರೀಕ್ಷೆಗೆ ಹೋದ. ಅವನಿಗೆ ಹುಟ್ಟಿನಿಂದಲೇ ಆ ಎರಡು ಬಣ್ಣಗಳ ಭೇದ ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಸುದ್ದಿ ಕೇಳಿ ಅಪ್ಪ ತಟ್ಟೆಯ ಮುಂದಿನಿಂದ ಎದ್ದುಬಿಟ್ಟರು. "ಮಗ ಖರೇನೇ ಹೇಳಿದ್ದ, ನಾನು ಹೊಡದೆ" ಎಂದು ಸಾಯುವವರೆಗೂ ಹೇಳಿಕೊಂಡು ಕೊರಗಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಅಪ್ಪ ತಿಳಿಯದೆ ಹೊಡೆದರು. ತಿಳಿದೂ ಸುಮ್ಮನಿದ್ದವಳು ನಾನು.

ಈಗ ನಿಮ್ಮ ಕಾಲ ನೋಡಿ. ಪುಟ್ಟಾ, ನೀನು ಚಿತ್ರದ ಎಲೆಗಳಿಗೆಲ್ಲ ಕೆಂಪು ಬಳಿದ ದಿನ ನಿನ್ನ ಅಮ್ಮ ಬೈಯಲಿಲ್ಲ. ಪಕ್ಕದಲ್ಲಿ ಕೂತು, ನಿನಗೆ ಇದು ಹೇಗೆ ಕಾಣುತ್ತದೆ ಎಂದು ಕೇಳಿದಳು. ನಿನ್ನ ಒಂದೊಂದು ಕ್ರೇಯಾನಿಗೂ ಬಣ್ಣದ ಹೆಸರು ಬರೆದು ಚೀಟಿ ಅಂಟಿಸಿದಳು. ಚೀಟಿ ಕಿತ್ತುಹೋದರೆ ನಿನ್ನ ಅಕ್ಕ ತಾನಾಗಿ ಮತ್ತೆ ಅಂಟಿಸುತ್ತಾಳೆ, ಯಾರೂ ಹೇಳಬೇಕಾಗಿಲ್ಲ. ಅದನ್ನು ನೋಡುವಾಗ ನನಗೆ ಸಂತೋಷವಾಗುತ್ತದೆ, ಅದರ ಹಿಂದೆಯೇ ನಾಚಿಕೆಯೂ ಆಗುತ್ತದೆ. ಅವಳು ಮಾಡುವುದು ಎಷ್ಟು ಸಣ್ಣ ಕೆಲಸ! ನಾನು ಮಾಡಬೇಕಿದ್ದದ್ದೂ ಅಷ್ಟೇ ಸಣ್ಣದಿತ್ತು.