ಅರಳಿಮರದ ಬುಡದಲ್ಲಿ ಒಂದು ತಿದ್ದುಪಡಿ

ಈ ಶತಮಾನದ ಮೊದಲ ದಶಕ ಅರ್ಧ ಕಳೆದಿದ್ದಾಗ ಜಯನಗರದ ಒಂದು ಪಾರ್ಕಿನಲ್ಲಿ ಎರಡು ದಿನದ ಪ್ರದರ್ಶನ ನಡೆಯಿತು. ಮರ, ಕೆರೆ, ಹಕ್ಕಿಗಳ ಬಗ್ಗೆ ಕಲಾವಿದರೂ ಎಂಜಿನಿಯರುಗಳೂ ಸೇರಿ ಮಾಡಿದ ಕೆಲಸಗಳನ್ನು ಬಯಲಿನಲ್ಲೇ ಇಟ್ಟಿದ್ದರು. ಪತ್ರಿಕೆಯ ಡೆಸ್ಕಿನಲ್ಲಿದ್ದ ನಾನು ರಜೆ ಹಾಕಿ ಸ್ವಯಂಸೇವಕನಾಗಿ ಸೇರಿದೆ. ಪ್ರತಿ ಕೃತಿಯ ಮುಂದೆ ನಿಲ್ಲಿಸುವ ಬೋರ್ಡಿನ ಕನ್ನಡ ತಿದ್ದಿ ಬರೆಯುವುದು ನನ್ನ ಪಾಲಿಗೆ ಬಂದ ಕೆಲಸ.

ಅರಳಿಕಟ್ಟೆಯ ಕೃತಿಯ ಟಿಪ್ಪಣಿ ನನ್ನ ಕೈಗೆ ಬಂದಾಗ ಒಂದು ಪದದ ಮೇಲೆ ಮಸಿ ಹರಡಿತ್ತು. ಉಳಿದದ್ದು ಇಷ್ಟು: ‘ಹಚ್ಚಿ ನಿಂತರೆ ಮರ ದನಿ ಕೊಡುತ್ತದೆ.’ ಅನುಮಾನ ಬಂದರೆ ಬರೆದವರನ್ನು ಕೇಳಬೇಕು ಎಂದು ಡೆಸ್ಕಿನಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದವನು ನಾನೇ. ಆದರೆ ನನಗೆ ಅನುಮಾನವೇ ಬರಲಿಲ್ಲ. ಅರಳಿಮರದ ಕೆಳಗೆ ಇನ್ನೇನು ಹಚ್ಚುತ್ತಾರೆ? ‘ದೀಪ’ ಎಂದು ಸೇರಿಸಿದೆ.

ಬೋರ್ಡನ್ನು ಹಿಂದಿನ ದಿನವೇ ನಿಲ್ಲಿಸಿದ್ದೆವು. ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕಟ್ಟೆಯ ಮೇಲೆ ಏಳು ಮಣ್ಣಿನ ದೀಪಗಳಿದ್ದವು. ಮರದ ಕಾಂಡಕ್ಕೆ ಸುತ್ತಿದ್ದ ತಾಮ್ರದ ಪಟ್ಟಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಮರದಿಂದ ಮಾತ್ರ ಯಾವ ದನಿಯೂ ಹೊರಟಿರಲಿಲ್ಲ.

ಪಾರ್ಕಿನ ಮೇಲ್ವಿಚಾರಕರು ಬಂದು ನೋಡಿದರು. “ವೈರ್ ಪಕ್ಕ ದೀಪ. ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ. ಇದನ್ನ ಬಿಚ್ಚಿಬಿಡಿ ಮೇಡಂ.”

ಅವರು ಮೇಡಂ ಎಂದದ್ದು ಆ ಕೃತಿ ಮಾಡಿದ ಹುಡುಗಿಗೆ. ಧಾರವಾಡದ ಕಡೆಯವಳು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಳು. ಒಂದು ಮಳೆಗಾಲದ ಭಾನುವಾರಗಳೆಲ್ಲ ಬೇಗೂರು ಕೆರೆಯ ದಂಡೆಯಲ್ಲಿ ಕೂತು ಕಪ್ಪೆಗಳ ಕೂಗು ರೆಕಾರ್ಡ್ ಮಾಡಿದ್ದಳು. ಬೆರಳು ತಾಕಿದರೆ ಸಾಲದು, ತಾಮ್ರದ ಪಟ್ಟಿಗೆ ಅಂಗೈ ಒತ್ತಿ ನಿಂತರೆ ಕೊಂಬೆಯ ಸ್ಪೀಕರಿನಲ್ಲಿ ಆ ಕೂಗು ಕೇಳಬೇಕು. ಆ ವಾರ ಆಫೀಸಿನಲ್ಲಿ ಭಾನುವಾರವೂ ಕೆಲಸವಿತ್ತು, ಅವಳಿಗೆ ರಜೆ ಕೊಟ್ಟದ್ದು ಅದೊಂದೇ ದಿನಕ್ಕೆ. ಬಿಚ್ಚಿದರೆ ಒಬ್ಬರಾದರೂ ಕೇಳುವುದನ್ನು ಅವಳು ನೋಡುವಂತಿರಲಿಲ್ಲ.

ಬೋರ್ಡು ಓದಿ ನನ್ನ ಕಡೆ ತಿರುಗಿದಳು. “ಸರ್, ದೀಪ ಎಲ್ಲಿಂದ ಬಂತ್ರಿ? ನಾ ಕೈ ಅಂತ ಬರದಿದ್ದೆ.”

“ಕೈ ಹಚ್ಚೋದಾ?”

“ಹೂಂ ರೀ. ನಮ್ಮ ಕಡೆ ಕೈ ಹಚ್ಚೋದಂದ್ರ ಮುಟ್ಟೋದು.”

ತಪ್ಪು ನನ್ನದೆಂದು ಮೇಲ್ವಿಚಾರಕರಿಗೆ ಹೇಳಿದೆ. ಅವರು ವಾಚು ನೋಡಿಕೊಂಡರು. “ಅರ್ಧ ಗಂಟೆ ಟೈಮ್ ಕೊಡ್ತೀನಿ ಸಾರ್. ದೀಪ ಇರಬಾರದು.”

ಹಚ್ಚಿದ ದೀಪವನ್ನು ಆರಿಸುವವರು ಯಾರು? ಸುದ್ದಗುಂಟೆಪಾಳ್ಯದಿಂದ ಬಂದಿದ್ದ ಹಿರಿಯಾಕೆಯೊಬ್ಬರು ತಮ್ಮ ದೀಪದ ಪಕ್ಕದಲ್ಲೇ ಕೂತಿದ್ದರು. “ಬೋರ್ಡಲ್ಲಿ ಬರೆದಿದ್ದಕ್ಕೆ ತಾನೇ ಹಚ್ಚಿದ್ದು? ಈಗ ಊದು ಅಂದ್ರೆ ಊದ್ತೀನಾ?” ಎಂದರು. ಆಮೇಲೆ ತಾವೇ ಎದ್ದು, ಕಟ್ಟೆಯ ಆಚೆ ಕೊನೆಯಲ್ಲಿದ್ದ ನಾಗರಕಲ್ಲಿನ ಮುಂದೆ ತಮ್ಮ ದೀಪ ಇಟ್ಟರು. ಉಳಿದ ಆರನ್ನು ಒಂದೊಂದಾಗಿ, ಅಂಗೈ ಅಡ್ಡ ಹಿಡಿದು, ನಾನು ಸಾಗಿಸಿದೆ. ಒಂದೂ ಆರಲಿಲ್ಲ.

ಪತ್ರಿಕೆಯಲ್ಲಿ ತಪ್ಪು ಅಚ್ಚಾದ ಪುಟದಲ್ಲೇ ತಿದ್ದುಪಡಿ ಬರಬೇಕು. ಅದೇ ಬೋರ್ಡಿನಲ್ಲಿ ‘ದೀಪ’ ಹೊಡೆದು ಮೇಲೆ ‘ಕೈ’ ಎಂದು ಬರೆದೆ.

ಆ ಹಿರಿಯಾಕೆ ಅದನ್ನು ನಿಧಾನವಾಗಿ ಓದಿದರು. “ಆಗ ದೀಪ ಹಚ್ಚು ಅಂದ್ರಿ. ಈಗ ಕೈನೇ ಹಚ್ಕೋ ಅಂತೀರಲ್ಲ ಸಾರ್, ನಾನೇನು ಕರ್ಪೂರನಾ?”

ಹುಡುಗಿ ಆ ಬೆಳಿಗ್ಗೆ ಮೊದಲ ಸಲ ನಕ್ಕಳು. “ಹಂಗಲ್ರಿ ಆಂಟಿ, ಹಿಂಗ” ಎಂದು ಆಕೆಯ ಕೈ ಹಿಡಿದು ತಾಮ್ರದ ಮೇಲಿಟ್ಟಳು.

ಮೊದಲು ಒಂದು ಕಪ್ಪೆ, ಆಮೇಲೆ ಇಡೀ ಕೆರೆ ಕೂಗಿತು. ಆಕೆ ಕೈ ತೆಗೆಯಲಿಲ್ಲ. “ನಮ್ಮ ಗದ್ದೇಲಿ ಹಿಂಗೇ ವಟಗುಟ್ತಿದ್ವು. ಮಲಗೋಕೆ ಬಿಡ್ತಿರಲಿಲ್ಲ, ಹಾಳಾದ್ವು” ಎಂದರು. ಬೈದಷ್ಟು ಹೊತ್ತೂ ಮುಖದಲ್ಲಿ ನಗೆಯಿತ್ತು. ಆಮೇಲೆ ವಾಕಿಂಗಿಗೆ ಬಂದವರನ್ನೆಲ್ಲ ಕರೆದು, ಕೈ ಹಚ್ಚುವುದು ಎಂದರೇನೆಂದು ಅವರೇ ವಿವರಿಸತೊಡಗಿದರು.

ಅರ್ಧ ಗಂಟೆ ಮುಗಿದಾಗ ಸಾಲಿನಲ್ಲಿ ಹದಿನೈದು ಜನರಿದ್ದರು. ಮೇಲ್ವಿಚಾರಕರು ವೈರು ಪರೀಕ್ಷಿಸುವವರಂತೆ ಬಂದು ಪಟ್ಟಿ ಮುಟ್ಟಿದರು, ಸ್ವಲ್ಪ ಹೊತ್ತು ಕೇಳಿದರು. “ಇರಲಿ ಬಿಡಿ” ಎಂದು ಹೊರಟರು.

ಸಂಜೆಯವರೆಗೂ ಹುಡುಗಿ ಕಟ್ಟೆ ಬಿಟ್ಟು ಕದಲಲಿಲ್ಲ. ಮರುದಿನ ಅವಳು ಆಫೀಸಿನಲ್ಲಿದ್ದಳು. ಕಪ್ಪೆಗಳನ್ನು ನಾನು ನೋಡಿಕೊಂಡೆ.