ಯೂಲೆಸ್‌ನಲ್ಲಿ ಕಟ್ಟಿ ಉತ್ತರಕ್ಕೆ ಒಯ್ದ ಮನೆ

ಒಂದು ಶನಿವಾರ ಬೆಳಿಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ನನ್ನ ಗಂಡ ಮೊಬೈಲನ್ನು ತಂದು ನನ್ನ ಮೂಗಿನ ಹತ್ತಿರ ಹಿಡಿದರು. ಒಂದಷ್ಟು ಮರ, ಒಂದಷ್ಟು ಹಿಮ, ಅದರಾಚೆ ಬೂದುಬಣ್ಣದ ಒಂದು ಕೆರೆ.

"ಹೆಂಗೈತಿ?"

"ಚೆನ್ನಾಗಿದೆ. ಯಾರದು?"

"ನಮ್ದು."

ಅವರ ಆಫೀಸಿನಲ್ಲಿ ಒಬ್ಬ ಹಿರಿಯರು ನಿವೃತ್ತರಾಗಿ, ಮೊಣಕಾಲು ನೋವಿಗೆ ಬೆಚ್ಚಗಿನ ಊರೇ ಸರಿ ಎಂದು ಫ್ಲಾರಿಡಾಕ್ಕೆ ಹೊರಟಿದ್ದರಂತೆ. ಹೋಗುವ ಮುಂಚೆ ಮಿನೆಸೋಟದ ಉತ್ತರದ ತುದಿಯಲ್ಲಿದ್ದ ತಮ್ಮ ತುಂಡು ಜಮೀನನ್ನು ನನ್ನ ಗಂಡನಿಗೆ ದಾಟಿಸಿದ್ದರು. ದೇಶದ ದಕ್ಷಿಣದ ಸೆಕೆಯಲ್ಲಿರುವ ನಮ್ಮ ಯೂಲೆಸ್‌ನಿಂದ ಅಲ್ಲಿಗೆ ಕಾರಿನಲ್ಲಿ ಎರಡು ದಿನದ ದಾರಿ. ಕರೆಂಟಿಲ್ಲ, ನಲ್ಲಿಯಿಲ್ಲ. ಡಾಂಬರು ರಸ್ತೆ ಮುಗಿದ ಮೇಲೂ ಅರ್ಧ ಗಂಟೆ ಮಣ್ಣಿನ ದಾರಿ.

ನಾನು ಚಿತ್ರವನ್ನು ಹಿಗ್ಗಿಸಿ ನೋಡಿದೆ. "ರೀ, ಮನೆ ಎಲ್ಲಿದೆ ಇದರಲ್ಲಿ?"

"ಮನಿ ನಾವ ಕಟ್ಟೋದು," ಎಂದರು, ಹುಬ್ಬಳ್ಳಿಯಲ್ಲಿ ಚಹಾ ಕುಡಿದು ಬರೋಣ ಎನ್ನುವಷ್ಟು ಹಗುರವಾಗಿ. ದೋಸೆ ಹೊತ್ತಿ ಹೋಯಿತು.

ಅಲ್ಲಿಯವರೆಗೆ ನನ್ನ ಗಂಡ ಕಟ್ಟಿದ್ದ ಒಂದೇ ವಸ್ತುವೆಂದರೆ ಚಪ್ಪಲಿ ಸ್ಟ್ಯಾಂಡು. ಅದರ ಹಲಗೆಗಳು ಮುಂದಕ್ಕೆ ವಾಲಿದ್ದರಿಂದ ಇಟ್ಟ ಚಪ್ಪಲಿ ತಾನಾಗಿಯೇ ಜಾರಿ ನೆಲಕ್ಕೆ ಬರುತ್ತಿತ್ತು. ಹೊರಡುವವರಿಗೆ ಅನುಕೂಲ ಎಂದು ಅವರು ಅದನ್ನು ಸಮರ್ಥಿಸಿಕೊಂಡಿದ್ದರು. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಆ ಸ್ಟ್ಯಾಂಡಿನ ಕೋನವನ್ನು ಒಮ್ಮೆ ಅಳೆದೂ ನೋಡಿದ್ದೆ. ಆದರೆ ಸಂಸಾರದಲ್ಲಿ ಎಲ್ಲ ಅಳತೆಗಳನ್ನೂ ಹೇಳಬಾರದು.

ಯೋಜನೆ ಹೀಗಿತ್ತು: ಇಬ್ಬರ ರಜೆಯೂ ಹೊಂದುವುದು ವರ್ಷಕ್ಕೆ ಒಂದೇ ವಾರ. ಅಷ್ಟರಲ್ಲಿ ಕಾಡಿನಲ್ಲಿ ಮನೆ ಕಟ್ಟಲಾಗದು. ಆದ್ದರಿಂದ ಗೋಡೆಗಳನ್ನೆಲ್ಲ ಯೂಲೆಸ್‌ನ ನಮ್ಮ ಗರಾಜಿನಲ್ಲೇ ಪ್ಯಾನೆಲ್‌ಗಳಾಗಿ ಮಾಡಿಟ್ಟುಕೊಂಡು, ಮುಂದಿನ ಬೇಸಿಗೆಗೆ ಟ್ರೇಲರಿನಲ್ಲಿ ಸಾಗಿಸಿ, ಅಲ್ಲಿ ಬರೀ ಜೋಡಿಸಿಬಿಡುವುದು. ಕಾರುಗಳು ಬಿಸಿಲಿಗೆ ಬಂದವು, ಮರದ ಹಲಗೆಗಳು ನೆರಳಿಗೆ ಹೋದವು.

ಮೊದಲ ಎರಡು ತಿಂಗಳು ನಾನು ಅತ್ತ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಗರಾಜಿನಲ್ಲೇ ಇದ್ದ ಮೆಷೀನಿಗೆ ಬಟ್ಟೆ ಹಾಕಲು ಹೋದವಳು, ಅವರು ಹದಿಮೂರೂವರೆ ಇಂಚನ್ನು ಮೂರರಿಂದ ಭಾಗಿಸಲು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಒದ್ದಾಡುತ್ತಿದ್ದುದನ್ನು ನೋಡಿ ತಡೆಯಲಾರದೆ ಬಾಯಿಬಿಟ್ಟೆ.

"ನಾಲ್ಕೂವರೆ."

"ಅಷ್ಟ ಜಲ್ದಿ ಹೆಂಗ ಬಂತು?"

ಅಲ್ಲಿಗೆ ನನ್ನ ಶನಿವಾರಗಳೂ ಮುಗಿದವು. ಚಾವಣಿಯ ಇಳಿಜಾರು ಎಷ್ಟಿದ್ದರೆ ಹಿಮ ತಾನಾಗಿಯೇ ಜಾರೀತು, ತೊಲೆಯನ್ನು ಯಾವ ಕೋನಕ್ಕೆ ಕತ್ತರಿಸಬೇಕು, ಇವೆಲ್ಲ ನನ್ನ ಪಾಲಿಗೆ ಬಂದವು. ಕೈಗೆ ಸಿಬಿರು ಚುಚ್ಚಿಕೊಂಡು ಸೋಮವಾರ ಶಾಲೆಗೆ ಹೋದರೆ, ಮಕ್ಕಳು ಬೆಕ್ಕು ಸಾಕಿದ್ದೀರಾ ಎಂದು ಕೇಳುತ್ತಿದ್ದರು.

ಶೌಚಾಲಯದ ಹೊಣೆಯನ್ನು ಹ್ಯೂಸ್ಟನ್‌ನಲ್ಲಿದ್ದ ನನ್ನ ಗಂಡನ ಕಾಲೇಜು ಗೆಳೆಯ ವಹಿಸಿಕೊಂಡ. ಮೈಸೂರಿನವನು, ಎಣ್ಣೆ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರ್‌ನ ಒಂದು ಆಫೀಸಿನಲ್ಲಿ ಕೂತು ಸಮುದ್ರದೊಳಗಿನ ಎಣ್ಣೆ ಕೊಳವೆಗಳ ನಕ್ಷೆ ಬರೆಯುವವನು. ನೀರಿಲ್ಲದ, ಮರದ ಹೊಟ್ಟು ಹಾಕುವಂಥ ಪೆಟ್ಟಿಗೆ ಶೌಚಾಲಯವಾದ್ದರಿಂದ ಅದರ ನಾತ ಹೋಗುವ ಕೊಳವೆ ಮುಖ್ಯ ಎಂದು ಹನ್ನೆರಡು ಪುಟದ ನಕ್ಷೆ ಬರೆದು, ಪೆಟ್ಟಿಗೆಯನ್ನು ತಾನೇ ಮಾಡಿ ಕಾರಿನಲ್ಲಿ ಹೇರಿಕೊಂಡು ಬಂದ. ಬಂದವನೇ ಕೇಳಿದ:

"ಅತ್ತಿಗೆ, ಮನೇಲಿ ಊದುಬತ್ತಿ ಇದ್ಯಾ?"

"ಇದೆ. ಯಾಕೆ?"

"ಗಾಳಿ ಸರಿಯಾಗಿ ಮೇಲಕ್ಕೆ ಎಳೀತಾ ಇದ್ಯಾ ನೋಡ್ಬೇಕು. ಹೊಗೆ ಯಾವ ಕಡೆ ಹೋಗುತ್ತೋ ನಾತಾನೂ ಅದೇ ಕಡೆ."

ಹೊಚ್ಚಹೊಸ ಪೆಟ್ಟಿಗೆಯನ್ನು ಗರಾಜಿನ ನಡುವೆ ಇಟ್ಟು, ಮುಚ್ಚಳದ ಮುಂದೆ ಎರಡು ಊದುಬತ್ತಿ ಹಚ್ಚಿ, ಇಬ್ಬರು ಗಂಡಸರೂ ಮಂಡಿಯೂರಿ ಹೊಗೆ ನೋಡುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಪಕ್ಕದ ಬೀದಿಯ ಆಂಟಿ, ಮಗನ ಉಪನಯನಕ್ಕೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ತೆರೆದಿದ್ದ ಗರಾಜಿನೊಳಕ್ಕೇ ಬಂದರು. ಒಂದು ಕ್ಷಣ ನಿಂತರು. ಚಪ್ಪಲಿ ಬಿಟ್ಟರು. ಪೆಟ್ಟಿಗೆಗೆ ಭಕ್ತಿಯಿಂದ ಕೈಮುಗಿದು, ಕುಂಕುಮವನ್ನೂ ಇಟ್ಟುಬಿಟ್ಟರು. ನಾನೂ ಪಕ್ಕದಲ್ಲಿ ನಿಂತು ಕೈಮುಗಿದೆ. ಆಮೇಲೆ ಆ ಕುಂಕುಮವನ್ನು ಒರೆಸಲು ಗೆಳೆಯನಿಗೂ ಮನಸ್ಸು ಬರಲಿಲ್ಲ.

ಕಿಟಕಿಗಳು ಆಸ್ಟಿನ್ ಕಡೆಯಿಂದ ಬಂದವು. ಫ್ಲೂಗರ್‌ವಿಲ್‌ನ ಪರಿಚಯದ ಮನೆಯೊಂದರಲ್ಲಿ ಹಳೇ ಕಿಟಕಿ ತೆಗೆಸಿ ಹೊಸತು ಹಾಕಿಸುತ್ತಿದ್ದರು. ಮೂರು ತಾಸು ಡ್ರೈವ್ ಮಾಡಿಕೊಂಡು ಹೋಗಿ ನಾಲ್ಕು ಕಿಟಕಿ ತಂದೆವು. ಆ ಮನೆಯವರು ಫೋನಿನಲ್ಲಿ ಹೇಳಿದ್ದಕ್ಕಿಂತ ಪ್ರತಿಯೊಂದೂ ಒಂದು ಇಂಚು ದೊಡ್ಡದಿತ್ತು. ಬಾಗಿಲಿನಷ್ಟೇ ಅಗಲದವು. ಗೋಡೆಗಳನ್ನೆಲ್ಲ ಮತ್ತೆ ಕೊಯ್ದೆವು.

ಆಗಸ್ಟಿನಲ್ಲಿ ಪೂರ್ವಾಭ್ಯಾಸ. ಮನೆಯ ಮುಂದಿನ ಡ್ರೈವ್‌ವೇ ಮೇಲೆ ನಾಲ್ಕೂ ಗೋಡೆ ನಿಲ್ಲಿಸಿ, ಚಾವಣಿ ಕೂರಿಸಿ, ಒಳಗೆ ಸೌದೆ ಒಲೆ ಇಟ್ಟಾಯಿತು. ಹೊರಗೆ ನೂರನಾಲ್ಕು ಡಿಗ್ರಿ ಇತ್ತು, ಅಂದರೆ ಜ್ವರ ಬಂದು ಮಲಗಿದವರ ಮೈಯಷ್ಟು ಬಿಸಿ. ನನ್ನ ಗಂಡ ಹಿಮದ ಕೋಟು, ಕಿವಿಮುಚ್ಚುವ ಟೋಪಿ, ದಪ್ಪ ಕೈಗವಸು ಹಾಕಿಕೊಂಡು ಹೊರಬಂದರು.

"ಇದೇನ್ರೀ ಅವತಾರ?"

"ಕೈಗವಸ ಹಾಕ್ಕೊಂಡು ಚಿಲಕ ತಗ್ಯಾಕ ಬರ್ತೈತೋ ಇಲ್ಲೋ ನೋಡಬೇಕಲ್ಲ? ಅಲ್ಲಿ ಥಂಡ್ಯಾಗ ಗೊತ್ತಾದ್ರ ಏನ್ ಮಾಡ್ತಿ?"

ಒಳಗೆ ಹೋಗಿ ಒಲೆ ಹಚ್ಚಿದರು. ಹದಿನಾಲ್ಕರ ನಮ್ಮ ಮಗಳು, "ಅಮ್ಮಾ, ಐ ಡೋಂಟ್ ನೋ ಹಿಮ್," ಎಂದು ಹೇಳಿ ಮನೆಯೊಳಗೆ ಹೋಗಿ ಪರದೆ ಎಳೆದುಕೊಂಡಳು. ಹತ್ತೇ ನಿಮಿಷದಲ್ಲಿ ಹೊಗೆ ಇಡೀ ಬೀದಿಗೆ ಕಂಡಿರಬೇಕು. ಯಾರೋ ಫೋನ್ ಮಾಡಿ, ಅಗ್ನಿಶಾಮಕದ ದೊಡ್ಡ ಕೆಂಪು ವಾಹನ ಗಂಟೆ ಬಾರಿಸಿಕೊಂಡು ಬಂದು ನಿಂತಿತು.

ಇಬ್ಬರು ಇಳಿದರು. ಒಬ್ಬ ಬಾಗಿಲು ತಟ್ಟಿದ. ಒಳಗಿನಿಂದ ಚಿಲಕದ ಸದ್ದು ಮೂರು ಸಲ ಕೇಳಿತು, ತೆರೆಯಲಿಲ್ಲ. ನಾಲ್ಕನೆಯ ಸಲ ತೆರೆಯಿತು. ಬೆವರಿನಲ್ಲಿ ತೊಯ್ದ, ಕೆಂಪೇರಿದ ಹುಬ್ಬಳ್ಳಿಯ ಗಂಡಸು ಹಿಮದ ಕೋಟಿನಲ್ಲಿ ನಿಂತು, "ತೆರೆಯಿತು!" ಎಂದು ಇಂಗ್ಲಿಷಿನಲ್ಲಿ ಸಂಭ್ರಮಪಟ್ಟರು.

ಆ ಅಧಿಕಾರಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ಇನ್ಯಾರಾದರೂ ಇದ್ದಾರೆಯೇ, ನೀವು ಕ್ಷೇಮವೇ ಎಂದು ಬಹಳ ಮೆಲ್ಲಗೆ ಕೇಳಿದ. ಹುಷಾರಿಲ್ಲದವರನ್ನು ಕೇಳುವ ದನಿ ಅದು. ನಾನು ನಡುವೆ ಬಂದು ಉತ್ತರ, ಹಿಮ, ಚಿಲಕ ಎಲ್ಲವನ್ನೂ ವಿವರಿಸಿದೆ. ಮಳೆಯಿಲ್ಲದ ಕಾಲದಲ್ಲಿ ಹೊರಗೆ ಬೆಂಕಿ ಹಚ್ಚಬಾರದೆಂದು ಬುದ್ಧಿ ಹೇಳಿದ ಆತ, ಹೊರಡುವ ಮುಂಚೆ ಒಳಗೆ ಇಣುಕಿ, ಒಲೆಯ ಕೊಳವೆ ಗೋಡೆಗೆ ತೀರಾ ಹತ್ತಿರ ಇದೆ, ಒಂದು ಅಡಿ ಈಚೆಗೆ ತನ್ನಿ ಎಂದ. ಆತ ಬರದೆ ಹೋಗಿದ್ದರೆ ನಮ್ಮ ಮನೆ ಮೊದಲ ಚಳಿಗಾಲದಲ್ಲೇ ಸುಟ್ಟುಹೋಗುತ್ತಿತ್ತು. ಹಾಗಾಗಿ ಆ ದಿನದ ಅವಮಾನವನ್ನು ನಾನು ಲಾಭದ ಕಡೆಗೇ ಹಾಕಿದ್ದೇನೆ.

ಬಿಚ್ಚುವ ಮುಂಚೆ ಪ್ಯಾನೆಲ್‌ಗಳಿಗೆ ಗುರುತು ಹಾಕಬೇಕಿತ್ತು. ಮರದಂಗಡಿಯವರು ಆಗಲೇ ಇಂಗ್ಲಿಷ್ ಅಕ್ಷರ, ಅಂಕಿ ಒತ್ತಿದ್ದರಿಂದ ಗೊಂದಲವಾಗದಿರಲಿ ಎಂದು ಕನ್ನಡ ಅಕ್ಷರ ಹಾಕುವುದೆಂದು ನಾನೇ ಸೂಚಿಸಿದೆ. ಗೋಡೆಗೆ ಐದೈದು ಪ್ಯಾನೆಲ್. ಕವರ್ಗ ಒಂದು ಗೋಡೆ, ಚವರ್ಗ ಒಂದು, ಟವರ್ಗ, ತವರ್ಗ, ಚಾವಣಿಗೆ ಪವರ್ಗ. ಅಷ್ಟು ಚೆಂದವಾಗಿ ಕೂತಿತು. ಬರೆಯುವ ಕೆಲಸ ಮಗಳದು. ವಾರಕ್ಕೊಮ್ಮೆ ಕನ್ನಡ ತರಗತಿಗೆ ಗೊಣಗಿಕೊಂಡು ಹೋಗುತ್ತಿದ್ದವಳು ಸೀಮೆಸುಣ್ಣ ಹಿಡಿದು ದುಂಡಗೆ ಬರೆದಳು. ಸೀಮೆಸುಣ್ಣ ಕೊಟ್ಟವಳು ನಾನೇ. ಶಾಲೆಯದು.

ಜೂನ್ ಕೊನೆಗೆ ಟ್ರೇಲರ್ ಎಳೆದುಕೊಂಡು ಹೊರಟೆವು. ನಾವು ಮೂವರು ಮತ್ತು ಹ್ಯೂಸ್ಟನ್ ಗೆಳೆಯ. ಎರಡನೆಯ ದಿನ ದಾರಿಯುದ್ದಕ್ಕೂ ಮಳೆ. ತಲುಪಿದ ಮೇಲೂ ಮಳೆ. ತಾಡಪಾಲು ಬಿಚ್ಚಿ ನೋಡಿದರೆ ಅಕ್ಷರಗಳೆಲ್ಲ ಇದ್ದವು, ಆದರೆ ಮಸುಕಾಗಿ. ತವರ್ಗದಲ್ಲಿ 'ಧ'ದ ಹೊಟ್ಟೆಯ ಸೀಳು ತೊಳೆದುಹೋಗಿ ಎರಡು 'ದ' ಆಗಿದ್ದವು. ಒಂದರಲ್ಲಿ ಬಾಗಿಲು, ಒಂದರಲ್ಲಿ ಕಿಟಕಿ.

"ಬಾಗಿಲದ್ದು ಯಾವುದು, ಮೂರನೇದೋ ನಾಕನೇದೋ?" ಎಂದು ನನ್ನ ಗಂಡ ಮಳೆಯಲ್ಲಿ ಕೂಗಿದರು.

"ಐ ಡೋಂಟ್ ರಿಮೆಂಬರ್, ಅಪ್ಪಾ!"

"ನಾಕನೇದ ಇರಬೇಕು. ಹಿಡೀರಿ, ಹಿಡೀರಿ!"

ಸಾಮಾನು ಸಾಗಿಸಲೆಂದು ಎದುರುಗಡೆಯ ಮೂಲೆಯ ಪ್ಯಾನೆಲ್ ಒಂದನ್ನು ಕೊನೆಯವರೆಗೂ ಹಾಕಿರಲಿಲ್ಲ. ನಮ್ಮ ಓಡಾಟವೆಲ್ಲ ಅಲ್ಲಿಂದಲೇ. ಉಳಿದ ಗೋಡೆಗಳ ಹೊರಗೆ ಮಳೆಗೆ ತಾಡಪಾಲು ಇಳಿಬಿಟ್ಟಿದ್ದರಿಂದ ಅವುಗಳಾಚೆ ಏನಿದೆಯೆಂದು ಯಾರೂ ನೋಡಿರಲಿಲ್ಲ. ಮೂರು ದಿನದಲ್ಲಿ ಗೋಡೆ ನಿಂತಿತು, ಚಾವಣಿ ಕೂತಿತು, ಮೊಳೆಗಳನ್ನೆಲ್ಲ ಹೊಡೆದಾಯಿತು. ನಾಲ್ಕನೆಯ ಬೆಳಿಗ್ಗೆ ಬಿಸಿಲು ಬಂತು. ಮೂಲೆಯನ್ನು ಒಳಗಿನಿಂದಲೇ ಮುಚ್ಚಿ, ತಾಡಪಾಲನ್ನು ಕಿಟಕಿಯಿಂದ ಎಳೆದುಕೊಂಡು, ನಾವೆಲ್ಲ ಒಳಗೆ ನಿಂತಿದ್ದಾಗ ನನ್ನ ಗಂಡ ಗಂಭೀರವಾಗಿ ಚಿಲಕ ತೆಗೆದು ಬಾಗಿಲನ್ನು ಒಳಕ್ಕೆ ಎಳೆದರು.

ಎದುರಿಗೆ ಬಂಡೆ. ನನ್ನ ಎದೆಯೆತ್ತರದ, ಪಾಚಿ ಹಿಡಿದ ಕರಿಬಂಡೆ, ಹೊಸ್ತಿಲಿನಿಂದ ಒಂದು ಗೇಣು ದೂರದಲ್ಲಿ.

ಗೆಳೆಯ ಬಂಡೆಯನ್ನು ತಟ್ಟಿ ನೋಡಿ, "ಸಾಲಿಡ್ ಆಗಿದೆ," ಎಂದ. ಮಗಳು ನೆಲದ ಮೇಲೆ ಕೂತು ನಗತೊಡಗಿದಳು. ನನ್ನ ಗಂಡನ ಮುಖ ನೋಡಿ ನನಗೆ ನಗು ಬಾಯಿಯಲ್ಲೇ ನಿಂತಿತು. ಒಂದು ವರ್ಷದ ಶನಿವಾರಗಳೆಲ್ಲ ಆ ಮುಖದಲ್ಲಿದ್ದವು.

ಕಿಟಕಿಯಿಂದ ಇಳಿದು ಹೊರಗೆ ಹೋದೆವು. ಎರಡು ಮೈಲಿಯಾಚೆ ಒಬ್ಬರೇ ಇರುವ ಮುದುಕಿಯೊಬ್ಬರು, ನಮ್ಮ ಸುತ್ತಿಗೆ ಸದ್ದು ಕೇಳಿ ತಮ್ಮ ನಾಲ್ಕು ಚಕ್ರದ ಬೈಕಿನಲ್ಲಿ ಬಂದರು. ಮನೆಯನ್ನು ಒಂದು ಸುತ್ತು ಹಾಕಿ, ಬಾಗಿಲ ಮುಂದೆ ನಿಂತು ಯೋಚಿಸಿ, "ಕರಡಿಗಳಿಗೆಂದು ಮಾಡಿದ್ದೋ?" ಎಂದು ಕೇಳಿದರು. ನನ್ನ ಗಂಡ ಹೌದೆಂದರು. ಒಳ್ಳೆಯ ಯೋಚನೆ ಎಂದು ಆಕೆ ಮೆಚ್ಚಿಕೊಂಡೇ ಹೋದರು.

ಮಧ್ಯಾಹ್ನವೆಲ್ಲ ಗಂಡಸರಿಬ್ಬರೂ ಬಂಡೆ ಒಡೆಯುವುದರ ಬಗ್ಗೆ ಚರ್ಚೆ ಮಾಡಿದರು. ನಾನು ಅಳತೆಪಟ್ಟಿ ಹಿಡಿದು ಪಕ್ಕದ ಕಿಟಕಿಯ ಮುಂದೆ ನಿಂತೆ. ಅದರಾಚೆ ನೆಲ ಸಮತಟ್ಟಾಗಿತ್ತು. ಕಿಟಕಿಯ ಅಗಲ ಬಾಗಿಲಿನದಷ್ಟೇ, ಮೇಲಿನ ತೊಲೆಯ ಎತ್ತರವೂ ಅಷ್ಟೇ. ಚಾವಣಿಯ ಭಾರ ಹೊರುವುದು ಆ ತೊಲೆ. ಕಿಟಕಿಯ ಕೆಳಗಿನ ತುಂಡು ಗೋಡೆ ಏನನ್ನೂ ಹೊತ್ತಿಲ್ಲ. ಎರಡು ಸಲ ಅಳೆದೆ. ಆಮೇಲೆ ಕೈಗರಗಸ ತೆಗೆದುಕೊಂಡೆ.

"ಏ, ಏ, ಏನ್ ಮಾಡಾಕತ್ತಿ? ಮನಿ ಬೀಳ್ತೈತಿ!"

"ಬೀಳಲ್ಲ ರೀ."

"ನಿನಗ ಹೆಂಗ ಗೊತ್ತು?"

"ಲೆಕ್ಕ ಮಾಡಿದ್ದೀನಿ. ಆ ಕಡೆ ಹಿಡ್ಕೊಳ್ಳಿ."

ಅವರು ಚಾವಣಿಯನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಕರೆಂಟಿಲ್ಲದೆ ಕೊಯ್ಯುವುದು ಎರಡು ತಾಸಿನ ಕೆಲಸ. ಅಷ್ಟು ಹೊತ್ತೂ ಕೈ ಇಳಿಸಲಿಲ್ಲ. ತುಂಡು ಹೊರಗೆ ಬಿತ್ತು. ಮನೆ ಬೀಳಲಿಲ್ಲ. ಬಾಗಿಲನ್ನು ಅಲ್ಲಿಗೆ ತಂದು ಕೂರಿಸಿ, ಬಂಡೆಯ ಕಡೆಯ ಜಾಗಕ್ಕೆ ಕಿಟಕಿ ಇಟ್ಟು, ಕೆಳಗೆ ಹಲಗೆ ಹೊಡೆದೆವು. ಆ ಕಿಟಕಿಯಲ್ಲಿ ಇವತ್ತಿಗೂ ಬಂಡೆ ಬಿಟ್ಟು ಬೇರೇನೂ ಕಾಣುವುದಿಲ್ಲ.

ಆವತ್ತು ಸಂಜೆ ಗೆಳೆಯ ಒಲೆಯ ಮೇಲೆ ಉಪ್ಪಿಟ್ಟು ಕೆದಕಿದ. ತಳ ಹಿಡಿದಿತ್ತು, ಉಪ್ಪು ಹೆಚ್ಚಾಗಿತ್ತು. ಹೊಸ ಹೊಸ್ತಿಲ ಮೇಲೆ ಒತ್ತಿಕೊಂಡು ಕೂತು ನಾಲ್ವರೂ ತಿಂದೆವು. ನನ್ನ ಅಂಗೈ ಬೊಬ್ಬೆ ಎದ್ದಿತ್ತು. ನನ್ನ ಗಂಡ ಅದನ್ನು ತಿರುಗಿಸಿ ನೋಡಿ, ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೆರೆಯ ಕಡೆಯಿಂದ ಸೊಳ್ಳೆಗಳ ದಂಡು ಬಂತು. ತಟ್ಟೆ ಎತ್ತಿಕೊಂಡು ಎಲ್ಲರೂ ಒಳಗೆ ಓಡಿ ಬಾಗಿಲು ಹಾಕಿಕೊಂಡೆವು.